ಮಂತ್ರಿಗಳು ವಾಸಿ ಮಾಡಿದ ಹಲ್ಲು

ಬೆಳಗಿನ ಚಹಾದ ಮೊದಲ ಗುಟುಕಿಗೇ ಇಡ್ವಲ್ ಪ್ರಾಸರನ ದವಡೆಹಲ್ಲು ದಂಗೆಯೆದ್ದಿತು. ಕೆನ್ನೆ ಆಗತಾನೆ ಒಲೆಯಿಂದ ತೆಗೆದ ಬನ್ನಿನಂತೆ ಉಬ್ಬಿತು. ಕಲ್ಲಿದ್ದಲ ಗಣಿಯಲ್ಲಿ ಅರ್ಧ ಆಯುಷ್ಯ ಸವೆಸಿ, ಚಾವಣಿ ಕುಸಿದು ಮೈಮೇಲೆ ಬಿದ್ದಾಗಲೂ ಕಣ್ಣೀರು ಹಾಕದ ಮುದುಕ ಈಗ ಅಡುಗೆಮನೆಯ ಮೇಜು ಗುದ್ದಿ ಗುದ್ದಿ ಅತ್ತ.

ಆ ಸದ್ದಿಗೆ ಪಕ್ಕದ ಮನೆಯ ನೆಸ್ಟಾ ಅಡುಗೆಮನೆಯ ಬಾಗಿಲಲ್ಲಿ ಇಣುಕಿದಳು.

"ಅಯ್ಯೋ, ಏನಯ್ಯ ಇದು ಮುಖ! ಹಲ್ಲಿನ ಡಾಕ್ಟ್ರ ಹತ್ರ ಹೋಗಬಾರ್ದಾ?"

"ಯಾವ ಡಾಕ್ಟ್ರು? ಸರದೀಲಿ ಹೆಸರು ಬರೆಸಿ ವರ್ಷಗಳೇ ಆಯ್ತು. ನಾನು ಸತ್ತ ಮೇಲೆ ಕರೀತಾರೆ."

"ಇವತ್ತು ಆರೋಗ್ಯ ಮಂತ್ರಿ ಬರ್ತಾನಂತೆ ಕಣೋ! ನಮ್ಮ ಆಸ್ಪತ್ರೇಲಿ ಹಲ್ಲಿನ ವಿಭಾಗ ತೆರೀತಾರಂತೆ. ನಡಿ, ಎಲ್ಲರಿಗಿಂತ ಮುಂದೆ ನಿಂತ್ಕೋ." ಬೇಡಬೇಡವೆಂದರೂ ಕೇಳದೆ ತನ್ನ ಹೂವಿನ ಸ್ಕಾರ್ಫನ್ನು ಅವನ ದವಡೆಗೆ ಬಿಗಿದು, ತಲೆಯ ಮೇಲೆ ಮೊಲದ ಕಿವಿಯಂತೆ ಗಂಟು ಹಾಕಿಯೇ ಬಿಟ್ಟಳು.

ಆ ಆಸ್ಪತ್ರೆಯನ್ನು ಕಟ್ಟಿಸಿದ್ದು ಸರ್ಕಾರವಲ್ಲ. ಇಡ್ವಲ್‌ನ ತಾತನ ಕಾಲದ ಗಣಿಯಾಳುಗಳು ವಾರದ ಕೂಲಿಯಲ್ಲಿ ಒಂದಿಷ್ಟು ಮುರಿದು ಕೊಟ್ಟು ಎಬ್ಬಿಸಿದ ಗೋಡೆಗಳು ಅವು. ಗಣಿ ಮುಚ್ಚಿತು. ಹಿಂದೆಯೇ ಹೆರಿಗೆ ವಾರ್ಡು ಮುಚ್ಚಿತು, ತುರ್ತು ವಿಭಾಗವೂ ಮುಚ್ಚಿತು. ಅದು ಮುಚ್ಚಿದ ಚಳಿಗಾಲದಲ್ಲೇ ಇಡ್ವಲ್‌ನ ಹೆಂಡತಿ ಎದೆ ಹಿಡಿದುಕೊಂಡು ಕುಸಿದದ್ದು. ಬೆಟ್ಟದಾಚೆಯ ಊರಿನಿಂದ ಆಂಬುಲೆನ್ಸ್ ಬರುವಷ್ಟರಲ್ಲಿ ಅವಳ ಮೈ ತಣ್ಣಗಾಗಿತ್ತು.

ಆಸ್ಪತ್ರೆಯ ಗೇಟಿನ ಬಳಿ ಹಳೆಯ ಕಾರ್ಮಿಕ ಸಂಘದ ಗ್ವಿಲಿಮ್ ಜನ ಸೇರಿಸಿಕೊಂಡು ಧಿಕ್ಕಾರ ಕೂಗುತ್ತಿದ್ದ.

"ಬಾ ಇಡ್ವಲ್, ಕೂಗು!"

"ಬಾಯಿ ತೆಗೆಯೋಕೇ ಆಗ್ತಿಲ್ಲ ಮಾರಾಯ."

ಅಷ್ಟರಲ್ಲಿ ಮಂತ್ರಿಯ ಸಹಾಯಕನ ಕಣ್ಣು ಸ್ಕಾರ್ಫಿನ ಮೇಲೆ ಬಿತ್ತು. "ಸಿಕ್ಕಿದ್ರು! ನಿಜವಾದ ರೋಗಿ ಸಿಕ್ಕಿದ್ರು! ಬನ್ನಿ ಯಜಮಾನ್ರೇ, ನೀವೇ ಮೊದಲನೆಯವರು!"

ಇಡ್ವಲ್‌ಗೆ ಸ್ವರ್ಗದ ಬಾಗಿಲೇ ತೆರೆದಂತಾಯಿತು. ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಹೊಸ ಕುರ್ಚಿಯಲ್ಲಿ ಅವನನ್ನು ಕೂರಿಸಿ ಸ್ಕಾರ್ಫ್ ಬಿಚ್ಚಿದರು. ಮಂತ್ರಿ ನೀಲಿ ಕೈಗವಸು ತೊಟ್ಟು, ಪುಟ್ಟ ಕನ್ನಡಿ ಹಿಡಿದು ಕ್ಯಾಮೆರಾಗಳತ್ತ ಮುಗುಳ್ನಕ್ಕ.

"ಎಲ್ಲಿ, ಬಾಯಿ ತೆಗೀರಿ."

"ಡಾಕ್ಟ್ರು ಎಲ್ಲಿ?"

ಸಹಾಯಕ ಕಿವಿಯಲ್ಲಿ ಉಸುರಿದ: "ಡಾಕ್ಟ್ರ ನೇಮಕ ಇನ್ನೂ ಆಗಿಲ್ಲ. ಸದ್ಯಕ್ಕೆ ಕುರ್ಚಿ ಬಂದಿದೆ."

ಇಡ್ವಲ್‌ನ ಹಲ್ಲುನೋವು ನೆತ್ತಿಗೇರಿತು. ಅವನು ಮಂತ್ರಿಯ ಟೈ ಹಿಡಿದು ಎದ್ದುನಿಂತ.

"ನಮ್ಮಜ್ಜಂದಿರು ಹೊಟ್ಟೆ ಕಟ್ಟಿ ಎಬ್ಬಿಸಿದ ಗೋಡೆ ಕಣೋ ಇದು! ಒಂದೊಂದೇ ವಾರ್ಡು ನುಂಗಿ ನೀರು ಕುಡಿದ್ರಿ. ನನ್ನ ಹೆಂಡ್ತೀನ ಕೊಂದ್ರಿ. ಈಗ ಖಾಲಿ ಕುರ್ಚಿ ತಂದು ಯಾರ ಕಣ್ಣಿಗೆ ಮಣ್ಣೆರಚ್ತೀಯ? ಥೂ!"

ಊದಿದ ಬಾಯಲ್ಲಿ ಅರ್ಧ ಮಾತು ಉಗುಳಾಗಿಯೇ ಹೊರಬಿತ್ತು. ಮಂತ್ರಿಯ ನಗು ಮಾತ್ರ ಮೊಳೆ ಹೊಡೆದಂತೆ ಅಲ್ಲಾಡಲಿಲ್ಲ. ಕ್ಯಾಮೆರಾಗಳು ಮಿಂಚಿದವು. ಪೊಲೀಸರು ಇಡ್ವಲ್‌ನನ್ನು ಹಿಂಬಾಗಿಲಿನಿಂದ ಹೊರಗೆ ದಬ್ಬಿದರು. ಹಲ್ಲು ಸಿಡಿಯುತ್ತಿದ್ದರೂ ಅವನ ಎದೆ ಹಗುರವಾಗಿತ್ತು.

ಸಂಜೆ ಕಾರ್ಮಿಕರ ಕ್ಲಬ್ಬಿಗೆ ಹೋದಾಗ ಎಲ್ಲರೂ ಟಿವಿ ಮುಂದಿದ್ದರು. ಪರದೆಯ ಮೇಲೆ ಬಾಯಿ ಅಗಲ ತೆರೆದ ಇಡ್ವಲ್, ಎದುರಿಗೆ ನಗುತ್ತಿರುವ ಮಂತ್ರಿ. ಇಡ್ವಲ್‌ನ ದನಿ ಎಲ್ಲಿಯೂ ಇಲ್ಲ, ಬರೀ ಸಂಗೀತ. "ನೋವು ಮಾಯವಾದ ಸಂತೋಷದಲ್ಲಿ ಹಿರಿಯ ಗಣಿ ಕಾರ್ಮಿಕರೊಬ್ಬರು ಮಂತ್ರಿಗಳೊಂದಿಗೆ ಮನಸಾರೆ ನಕ್ಕ ಕ್ಷಣ" ಎಂದಳು ವಾರ್ತೆಯವಳು.

ಗ್ವಿಲಿಮ್ ತನ್ನ ಬಿಯರ್ ಲೋಟ ಎತ್ತಿಕೊಂಡು ಬೇರೆ ಮೇಜಿಗೆ ಹೋದ. "ಒಂದು ಹಲ್ಲಿಗೆ ನಿನ್ನನ್ನೇ ಮಾರ್ಕೊಂಡ್ಯಲ್ಲೋ!"

"ಬೈದದ್ದು ಕಣೋ ಅದು! ಹಲ್ಲು ಇನ್ನೂ ಇಲ್ಲೇ ಇದೆ, ನೋಡು!" ಇಡ್ವಲ್ ಬಾಯಿ ತೆರೆದ.

"ಮುಚ್ಚಯ್ಯ, ಟಿವೀಲೇ ನೋಡಿದ್ವಿ."

ಅಷ್ಟರಲ್ಲಿ ಇಡ್ವಲ್‌ನ ಜೇಬಿನ ಫೋನು ಹೊಡೆದುಕೊಂಡಿತು. ದಂತಚಿಕಿತ್ಸೆಯ ಕಚೇರಿಯ ಹೆಣ್ಣುಮಗಳು.

"ಅಭಿನಂದನೆಗಳು ಪ್ರಾಸರ್ ಅವರೇ! ನಿಮಗೆ ಚಿಕಿತ್ಸೆ ಆಯ್ತಲ್ಲ, ಸರದಿಯಿಂದ ನಿಮ್ಮ ಹೆಸರು ತೆಗೆದಿದೀವಿ."

"ಹಲ್ಲು ಕಿತ್ತೇ ಇಲ್ಲ ತಾಯಿ!"

"ಹೌದಾ? ಹಾಗಾದ್ರೆ ಹಲ್ಲು ಇದೆ ಅಂತ ದಂತವೈದ್ಯರ ಕೈಲಿ ಬರೆಸ್ಕೊಂಡು ಬನ್ನಿ."

"ಯಾವ ದಂತವೈದ್ಯರು?"

"ಏನು ಸಾರ್ ಹೀಗೆ ಕೇಳ್ತೀರಾ," ಎಂದು ಆಕೆ ನಕ್ಕಳು, "ನಿಮ್ಮೂರಲ್ಲೇ ಇವತ್ತು ಹಲ್ಲಿನ ವಿಭಾಗ ತೆರೆದಿದಾರಲ್ಲ!"