ಅಲುಗಾಡಬೇಡಿ, ಚಿಕ್ಕಮ್ಮ ಬರೆಯುತ್ತಿದ್ದಾರೆ!

ನಮ್ಮ ಚಿಕ್ಕಮ್ಮನ ಕಣ್ಣಿಗೆ ನಿಮ್ಮ ಮುಖ ಹಿಡಿಸಿತೋ, ಮುಗಿಯಿತು ಕಥೆ! ಇಪ್ಪತ್ತು ನಿಮಿಷ ನೀವು ಕೈದಿ. ಕೆಮ್ಮುವಂತಿಲ್ಲ, ಸೊಳ್ಳೆ ಕಚ್ಚಿದರೆ ಕೆರೆದುಕೊಳ್ಳುವಂತಿಲ್ಲ, ಫೋನು ಬಂದರೆ ಅದರ ರಿಂಗ್‌ಟೋನನ್ನು ಕೊನೆಯವರೆಗೂ ಕೇಳಿ ಆನಂದಿಸಬೇಕು.

ಇವರು ನನ್ನ ಅಮ್ಮನ ತಂಗಿ. ವಾಸ ಸಾನಪಾಡಾದಲ್ಲಿ. ಮಹಾಪೆಯ ಆಫೀಸೊಂದರಲ್ಲಿ ಮೂವತ್ತು ವರ್ಷ ಫೈಲು ನೋಡಿ ನಿವೃತ್ತರಾದ ಮರುದಿನವೇ ಅಕ್ರಿಲಿಕ್ ಬಣ್ಣ, ಮಡಚುವ ಸ್ಟ್ಯಾಂಡು, ಒಂದು ಡಜನ್ ಕ್ಯಾನ್‌ವಾಸ್ ಹೊತ್ತು ಮನೆಗೆ ಬಂದರು. ಚಿಕ್ಕಪ್ಪ ಗಾಬರಿಯಾಗಿ, "ದೊಡ್ಡ ಕಲಾವಿದರೆಲ್ಲ ಆಯಿಲ್ ಪೇಂಟ್ ಅಲ್ವಾ ಉಪಯೋಗಿಸುವುದು?" ಎಂದರಂತೆ.

"ಅದು ಒಣಗುವಷ್ಟರಲ್ಲಿ ನಾನೇ ಒಣಗಿ ಹೋಗ್ತೇನೆ! ಇದಾದ್ರೆ ಕುಕ್ಕರ್ ಮೂರು ಸೀಟಿ ಹೊಡೆಯುವುದರೊಳಗೆ ಒಣಗ್ತದೆ."

ಫೋಟೋ ನೋಡಿ ಬರೆಯುವುದೆಂದರೆ ಅವರ ಪಾಲಿಗೆ ಪರೀಕ್ಷೆಯಲ್ಲಿ ಕಾಪಿ ಹೊಡೆದಂತೆ. ಮರವಾಗಲಿ ಮನುಷ್ಯನಾಗಲಿ, ಎದುರಿಗೇ ಇರಬೇಕು. ನೋಡನೋಡುತ್ತಲೇ ಕ್ಯಾನ್‌ವಾಸಿಗೆ ಇಳಿಸಬೇಕು. ಅದಾದರೂ ಎಂಥ ದೃಶ್ಯ ಅಂತೀರಿ? ಊರವರೆಲ್ಲ ಖಾಡಿಯ ಹಿನ್ನೀರಿಗೆ ಬರುವ ಫ್ಲೆಮಿಂಗೊ ಹಕ್ಕಿಗಳ ಹಿಂದೆ ಬಿದ್ದಿದ್ದರೆ, ಇವರಿಗೆ ಬೇಕಾದದ್ದು ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟು! ಒಂದು ಬೆಳಿಗ್ಗೆ ಚೀಲ ಹೊರಲು ನನ್ನನ್ನೂ ಎಳೆದುಕೊಂಡು ಹೋದರು. ಸರಳು ತುಂಬಿದ ಲಾರಿಯೊಂದರ ಮುಂದೆ ಸ್ಟ್ಯಾಂಡು ಬಿಡಿಸಿದರು. ಅರ್ಧ ಚಿತ್ರವಾಗುವಷ್ಟರಲ್ಲಿ ಡ್ರೈವರ್ ಬಂದು ಗಾಡಿ ಸ್ಟಾರ್ಟ್ ಮಾಡಿದ. ಚಿಕ್ಕಮ್ಮ ಕುಂಚ ಎತ್ತಿ ಹಿಡಿದು ಲಾರಿಗೇ ಅಡ್ಡ ನಿಂತುಬಿಟ್ಟರು.

"ರುಕೋ ಭೈಯಾ! ಪಿಛಲಾ ಪಹಿಯಾ ಬಾಕಿ ಹೈ!"

ಹಿಂದಿನ ಚಕ್ರ ಬಾಕಿ ಎಂದದ್ದು ಕೇಳಿ ಡ್ರೈವರ್ ಕೆಳಗಿಳಿದ. ನಾನು ಚೀಲದೊಂದಿಗೆ ಓಡಲು ಸಿದ್ಧ. ಆದರೆ ಅವನು ಚಿತ್ರವನ್ನು ದಿಟ್ಟಿಸಿ ನೋಡಿ, ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿ ಬಿಟ್ಟುಹೋಗಿದೆ ಎಂದು ಆಕ್ಷೇಪಿಸಿದ! ಅಷ್ಟರಲ್ಲಿ ಮಾಲೀಕನ ಫೋನು ಬಂತು. ಯಾಕೆ ತಡ ಎಂದು ಕೇಳಿರಬೇಕು. ಇವನು ಗಂಭೀರವಾಗಿ, "ಸೇಠ್, ಗಾಡೀ ಕಾ ಮೇಕಪ್ ಚಲ್ ರಹಾ ಹೈ" ಎಂದ.

ಇನ್ನು ಅವರ ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿಯ ಪಾಡು ಕೇಳಿ. ಲಿಫ್ಟ್ ಕೆಟ್ಟದ್ದನ್ನು ತಿಳಿಸಲು ಬಂದ ಬಡಪಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಬರೆದೇಬಿಟ್ಟರು. ಆತ ಚಿತ್ರ ನೋಡಿ, "ಮ್ಯಾಡಮ್, ನಾಕ್ ಥೋಡಾ ಬಡಾ ಹೋ ಗಯಾ" ಎಂದು, ಮೂಗು ಸ್ವಲ್ಪ ದೊಡ್ಡದಾದದ್ದಕ್ಕೆ ನೊಂದುಕೊಂಡ.

"ಕಮ್ ಕರ್‌ಕೇ ಹೀ ಬನಾಯಾ ಹೈ" ಎಂದರು ಚಿಕ್ಕಮ್ಮ, ಬಹಳ ಪ್ರೀತಿಯಿಂದ. ಇದು ಚಿಕ್ಕದು ಮಾಡಿಯೇ ಬರೆದ ಮೂಗಂತೆ!

ಇಂಥ ಚಿಕ್ಕಮ್ಮನಿಗೆ ಸಿಕ್ಕದೆ ತಪ್ಪಿಸಿಕೊಂಡವರು ಒಬ್ಬರೇ, ನನ್ನ ಅಮ್ಮ. ಡೊಂಬಿವಲಿಯ ನಮ್ಮ ಮನೆಗೆ ತಂಗಿ ಬಣ್ಣದ ಚೀಲದೊಂದಿಗೆ ಬಂದರೆ ಸಾಕು, ಅಮ್ಮ ಅಡುಗೆಮನೆ ಸೇರಿ ದೋಸೆ ಹುಯ್ಯಲು ಶುರುಮಾಡುವರು.

ಕಳೆದ ವರ್ಷ ಅಮ್ಮನಿಗೆ ಎದೆಯಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು, ಕೀಮೋ ಶುರುವಾಯಿತು. ಉದ್ದ ಜಡೆಯ ಅಮ್ಮನ ತಲೆಯಲ್ಲಿ ಒಂದು ಕೂದಲೂ ಉಳಿಯಲಿಲ್ಲ. ಅಮ್ಮ ಬೆಡ್‌ರೂಮಿನ ಕನ್ನಡಿಗೆ ಟವೆಲ್ ಹೊದಿಸಿದರು. ಬೆಲ್ ಆದರೆ ಒಳಗೆ ಹೋಗಿ ಸ್ಕಾರ್ಫ್ ಕಟ್ಟುವರು. ಉಡುಪಿಯ ನೆಂಟರಿಂದ ವೀಡಿಯೋ ಕಾಲ್ ಬಂದರೆ, "ನಾನು ಮಲಗಿದ್ದೇನೆ ಅಂತ ಹೇಳು" ಎನ್ನುವರು.

ಒಂದು ಭಾನುವಾರ ಚಿಕ್ಕಮ್ಮ ಬಂದವರೇ ಹಾಲ್‌ನಲ್ಲಿ ಸ್ಟ್ಯಾಂಡು ಬಿಡಿಸಿದರು.

"ಅಕ್ಕ, ಆ ಬಟ್ಟೆ ತೆಗಿ. ಕಿಟಕಿ ಹತ್ರ ಕೂತ್ಕೋ."

"ನಿಂಗೆ ಮರ್ಲಾ? ಕೂದಲಿಲ್ಲದ ಈ ಮಂಡೆಯನ್ನು ಎಂಥ ಬರೆಯುವುದು ಮಾರಾಯ್ತಿ?"

"ಒಳ್ಳೇದೇ ಆಯ್ತಲ್ಲ! ಕೂದಲು ಬರೆಯುವುದೇ ನಂಗೆ ದೊಡ್ಡ ತಲೆನೋವು."

ಅಮ್ಮ ತಂಗಿಯನ್ನೇ ನೋಡಿದರು. ಆಮೇಲೆ ಫಕ್ಕನೆ ನಕ್ಕರು! ಎಷ್ಟೋ ವಾರಗಳ ನಂತರ ಕೇಳಿದ ನಗು. ನಗುತ್ತಲೇ ಸ್ಕಾರ್ಫ್ ಬಿಚ್ಚಿ ಕಿಟಕಿಯ ಬಳಿ ಕುಳಿತರು. ಚಿಕ್ಕಮ್ಮ ಬರೆಯತೊಡಗಿದರು. ನಡುವೆ ಎರಡು ಸಲ ಸೆರಗಿನಿಂದ ಕಣ್ಣೊರೆಸಿಕೊಂಡಾಗ ಕೆನ್ನೆಗೆ ಹಳದಿ ಬಣ್ಣ ಮೆತ್ತಿತು. ಅಮ್ಮ ಅದನ್ನು ಕಂಡೂ ಕಾಣದಂತೆ ಅಲ್ಲಾಡದೆ ಕುಳಿತಿದ್ದರು.

ಚಿತ್ರದಲ್ಲಿ ಅಮ್ಮನ ಬೋಳು ತಲೆಯ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು. ಅಡಗಿಸಿಟ್ಟದ್ದು ಏನೂ ಇರಲಿಲ್ಲ. ಅಮ್ಮ ಚಿತ್ರದತ್ತ ಬಾಗಿ ನೋಡಿದರು. "ನಾನು ಹೀಗಿದ್ದೇನಾ? ಚಂದ ಉಂಟಲ್ಲ!" ಎಂದರು.

ಸ್ಕಾರ್ಫ್ ಕುರ್ಚಿಯ ಮೇಲೆಯೇ ಬಿದ್ದಿತ್ತು. ಅಮ್ಮ ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದು, ತಂಗಿ ಬರೆದ ತಮ್ಮ ಚಿತ್ರ ನೋಡಲು ಬನ್ನಿ ಎಂದು ಎದುರು ಮನೆಯ ಮರಾಠಿ ಹೆಂಗಸನ್ನು ಕೂಗಿದರು: "ವಹಿನೀ, ಯಾ ನಾ! ಬಘಾ, ಮಾಝ್ಯಾ ಬಹಿಣೀನೆ ಮಾಝಂ ಚಿತ್ರ ಕಾಢಲಂಯ್!"