ಮುರಿಗೆಪ್ಪ ಮಾಸ್ತರರ ಸಸಿದಾಯಿ

ಮುರಿಗೆಪ್ಪ ಮಾಸ್ತರರು ಗಾಲಿಕುರ್ಚಿಯ ಮೇಲೆ ಹೊದಿಸಿದ್ದ ಹಳೆಯ ಜಮಖಾನೆಯನ್ನು ಒಂದೇ ಸಲಕ್ಕೆ ಎಳೆದು, ಎದೆ ಉಬ್ಬಿಸಿ ನಿಂತರು.

"ನೋಡ ಶಿವಲೀಲಾ! ಇವತ್ತಿನಿಂದ ಈ ಮನ್ಯಾಗ ಒಂದು ಸಸಿನೂ ಸಾಯಂಗಿಲ್ಲ!"

ಹೆಂಡತಿ ಶಿವಲೀಲಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನೋಡಿದಳು. ಅತ್ತೆಗೆಂದು ತಂದಿದ್ದ ಗಾಲಿಕುರ್ಚಿ ಅದು. "ನಾ ಇದರಾಗ ಕುಂತರ ಓಣಿಯವರು ನನ್ನ ಹೆಣಾ ನೋಡಿದಂಗ ನೋಡ್ತಾರ" ಎಂದು ಅತ್ತೆ ಅದನ್ನು ಮುಟ್ಟಿರಲೇ ಇಲ್ಲ. ಈಗ ಆ ಕುರ್ಚಿಯ ಮೇಲೆ ಎರಡು ಡಬ್ಬಿ, ನಾಲ್ಕಾರು ರಬ್ಬರ್ ಕೊಳವೆ, ಬಾತುಕೋಳಿಯ ಕುತ್ತಿಗೆಯಂಥ ಕೋಲಿನ ತುದಿಗೆ ಒಂದು ದೀಪ, ಅದರ ಕೆಳಗೆ ಗಾಜಿನ ಒಂದೇ ಒಂದು ಕಣ್ಣು. ಮುಂದುಗಡೆ ಮಡಚಿಟ್ಟ ಎರಡು ಕಬ್ಬಿಣದ ಕೈ, ಒಂದರಲ್ಲಿ ಸಣ್ಣ ಸಲಿಕೆ.

"ಇದರ ಹೆಸರು ಸಸಿದಾಯಿ" ಎಂದರು ಮಾಸ್ತರರು. "ಒಂದು ಡಬ್ಬಿಯೊಳಗ ನೀರು, ಇನ್ನೊಂದರಾಗ ಹಿಂಡಿ ನೆನಸಿದ ಗೊಬ್ಬರದ ನೀರು. ಸಸಿ ಬಾಡಿದ್ದು ಕಣ್ಣಿಗೆ ಬಿದ್ದರ ತಾನೇ ಹೋಗಿ ಕೇಳತೈತಿ, ತಾನೇ ಕೊಡತೈತಿ."

"ಕೇಳತೈತಿ? ಸಸೀನ್ನ?"

"ಮಾತಾಡ್ಸಿದರ ಲಗೂ ಬೆಳೀತಾವ. ನನ್ನ ಧ್ವನೀನ ತುಂಬೀನಿ."

ಮಾಸ್ತರರು ಗದಗಿನ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದವರು. ಅವರ ರೊಟ್ಟಿ ಬಡಿಯುವ ಯಂತ್ರ ಹಿಂದೊಮ್ಮೆ ಕಾದ ರೊಟ್ಟಿಗಳನ್ನು ಎದುರು ಮನೆಯ ಮಾಳಿಗೆಗೆ ಎಸೆದಿತ್ತು. ಬೆಟಗೇರಿಯ ಆ ಓಣಿಯಲ್ಲಿ ಇನ್ನೂ ಕೆಲವರು ಅವರ ಮನೆಯ ಮುಂದೆ ಹಾಯುವಾಗ ತಲೆ ತಗ್ಗಿಸಿ ಓಡುತ್ತಿದ್ದರು. ಆದರೆ ಈ ಸಲದ ಯಂತ್ರ ಚೇಷ್ಟೆಗೆ ಹುಟ್ಟಿದ್ದಲ್ಲ.

ಅವರ ತಾಯಿ ಸಾವಂತ್ರವ್ವ ಹಾಸಿಗೆ ಹಿಡಿದು ಬಹಳ ಕಾಲವಾಗಿತ್ತು. ರೋಗ ಇಂಥದ್ದೇ ಎಂದು ಡಾಕ್ಟರೂ ಹೇಳಲಿಲ್ಲ. ಊಟ ಬಿಟ್ಟಿದ್ದಳು, ಮಾತೂ ಬಿಟ್ಟಿದ್ದಳು. ಶಿವಲೀಲಾ ಚಮಚದಲ್ಲಿ ಗಂಜಿ ಹಿಡಿದರೆ ತುಟಿ ಬಿಗಿದು ಗೋಡೆಗೆ ಮುಖ ತಿರುಗಿಸುತ್ತಿದ್ದಳು. ಒಮ್ಮೆ ಮಾತ್ರ, "ನಮ್ಮ ತವರಿನ ಪುಂಡಿಪಲ್ಯ ಇದ್ದರ ಎರಡು ತುತ್ತು ಇಳೀತಿತ್ತು" ಎಂದಿದ್ದಳು. ಪೇಟೆಯ ಪುಂಡಿ ಸೊಪ್ಪು ತಂದು ಮಾಡಿಕೊಟ್ಟರೆ, "ಹುಳೀನ ಇಲ್ಲ" ಎಂದು ಉಗುಳಿದಳು. ಆ ಹಳೆಯ ತಳಿ ಈಗ ಎಲ್ಲೂ ಇಲ್ಲ. ಅವಳ ಪೆಟ್ಟಿಗೆಯ ತಳದಲ್ಲಿ, ಸೀರೆಯ ಚೂರಿನಲ್ಲಿ ಕಟ್ಟಿಟ್ಟ ಒಂದು ಹಿಡಿ ಬೀಜ ಮಾತ್ರ ಇತ್ತು.

ಅದರಲ್ಲಿ ಅರ್ಧವನ್ನು ಮಾಸ್ತರರು ಪ್ರೀತಿಯಿಂದಲೇ ಕೊಂದಿದ್ದರು. ಗಳಿಗೆಗೊಮ್ಮೆ ನೀರು ಹಾಕಿ ಬೇರು ಕೊಳೆಸಿದರು. ಕೊಳೆಯದೆ ಉಳಿದ ಸಸಿಗಳಿಗೆ ದಪ್ಪ ಗೊಬ್ಬರ ಹಾಕಿ ಎಲೆ ಸುಟ್ಟರು. ಅದಾದ ಮೇಲೆ ಅವರು ತಮ್ಮ ಕೈಯನ್ನೇ ನಂಬಲಿಲ್ಲ. ತಮಗಿಂತ ತಾಳ್ಮೆಯ ಕೈಯೊಂದನ್ನು ಮಾಡಲು ಕುಳಿತರು.

ಯಂತ್ರ ಮೊದಮೊದಲು ಹೊಗಳುವಂತೆಯೇ ನಡೆಯಿತು. ಮಣ್ಣಿನ ಮೇಲ್ಪದರ ಒಣಗಿದರೆ ಮಾತ್ರ ಹನಿ ಹಾಕಿತು. ಮೊಳಕೆ ಉದ್ದವಾಗಿ ಬಳುಕಿದರೆ ನೇರಳೆ ಬಣ್ಣದ ದೀಪವನ್ನು ಹತ್ತಿರ ತಂದಿತು. ನಿಜವಾದ ಎಲೆ ಮೂಡಿದ ಮೇಲೆ ಹಿಂಡಿ ನೀರನ್ನು ತೆಳ್ಳಗೆ ಮಾಡಿ ಕೊಟ್ಟಿತು. ಪುಂಡಿ ಸಸಿಗಳು ಕೆಂಪು ದಂಟಿನ ಮೇಲೆ ಕೈಬೆರಳಿನಂಥ ಎಲೆ ಬಿಟ್ಟು ನಿಂತವು.

ತಪ್ಪು ಬೇರೆ ಕಡೆ ಆಗಿತ್ತು. ಬೀಜ ಮೊಳೆಯುವ ಮೊದಲೇ ಮಾಸ್ತರರು ಯಂತ್ರವನ್ನು ಚಾಲೂ ಮಾಡಿ ಪಡಸಾಲೆಯಲ್ಲಿ ಬಿಟ್ಟಿದ್ದರು. ಬಾಡಿದ್ದು ಯಾವುದು ಎಂದು ಹುಡುಕಲು ಹೇಳಿಕೊಟ್ಟ ಕಣ್ಣಿಗೆ ಅಲ್ಲಿ ಸಸಿಯೇ ಇರಲಿಲ್ಲ. ಮನೆಯ ಜನರಿದ್ದರು. ಬಾಡುವುದೆಂದರೇನು ಎಂದು ಅದು ಅವರನ್ನು ನೋಡಿಯೇ ಕಲಿತಿತು.

ಒಂದು ಮಧ್ಯಾಹ್ನ ಶಿವಲೀಲಾ ಅತ್ತೆಯ ಮೈ ಒರೆಸಿ, ಹಾಸಿಗೆ ಬದಲಿಸಿ, ಹೊಲಸು ಬಟ್ಟೆ ಒಗೆದು, ಅಡಿಗೆಮನೆಯ ಬಾಗಿಲಲ್ಲಿ ಕುಳಿತಳು. ಮೊಳಕಾಲ ಮೇಲೆ ತಲೆಯಿಟ್ಟಳು. ಆಗ ಹಿಂದಿನಿಂದ ಗಂಡನ ಧ್ವನಿ, ಎಂದೂ ಕೇಳದಷ್ಟು ಮೆತ್ತಗೆ:

"ನೀರು ಬೇಕೇನವ್ವಾ?"

ಮದುವೆಯಾಗಿ ಮೂರು ದಶಕ. ಅಂಥ ಮಾತು ಆ ಬಾಯಿಂದ ಬಂದದ್ದು ಅವಳಿಗೆ ನೆನಪಿಲ್ಲ. ತಲೆ ಎತ್ತದೆಯೇ, "ಬೇಕ್ರೀ" ಎಂದಳು.

ಕೊಟ್ಟಿತು! ಮೊದಲು ನೆತ್ತಿಯ ಮೇಲೆ ತುಂತುರು. ಆಮೇಲೆ ಬುಡಕ್ಕೆ, ಅಂದರೆ ಪಾದಕ್ಕೆ, ಸಣ್ಣ ಧಾರೆ.

"ಉಣ್ಣಾಕ ಬೇಕೇನವ್ವಾ?"

ಶಿವಲೀಲಾ ಚೀರಲು ಬಾಯಿ ತೆರೆದಳು. ಹಿಂಡಿ ನೀರು ನೇರವಾಗಿ ಅದರೊಳಗೇ ಬಿತ್ತು!

ಮಾಸ್ತರರು ಓಡಿ ಬಂದರು. "ಏ, ಕೊಳವಿ ಜಗ್ಗಬ್ಯಾಡ! ಕಿತ್ತೀತು!"

"ಕೊಳವಿ ಚಿಂತಿ ನಿಮಗ! ನನ್ನ ಬಾಯಾಗ ಗೊಬ್ಬರಾ ಸುರದೈತಿ ನಿಮ್ಮ ದಾಯಿ!"

"ಅದರ ತಪ್ಪಲ್ಲ, ಅದು ನಿನ್ನ ಗಿಡಾ ಅಂತ ತಿಳದೈತಿ."

"ಗಿಡಾ ಅಂತರ ತಿಳೀತಲ್ಲ! ನೀವು ಏನಂತ ತಿಳದೀರಿ ನನ್ನ?"

ಮಾಸ್ತರರು ಯಂತ್ರದ ಮುಂದೆ ಕುಳಿತು ಸ್ಕ್ರೂ ತಿರುವತೊಡಗಿದರು. ಶಿವಲೀಲಾ ಬಾಯಿ ಮುಕ್ಕಳಿಸಲು ಬಚ್ಚಲಿಗೆ ಹೋದವಳು ಅಲ್ಲಿಯೇ ಸ್ವಲ್ಪ ಹೊತ್ತು ನಿಂತಳು. ಅತ್ತಳು. ಅಳು ಗೊಬ್ಬರಕ್ಕಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಕಲಿತದ್ದನ್ನು ಮರೆಸುವುದು ಆಗಲಿಲ್ಲ. ಆದ್ದರಿಂದ ಮಾಸ್ತರರು ಇನ್ನೆರಡು ಡಬ್ಬಿ ಕಟ್ಟಿದರು. ಒಂದರಲ್ಲಿ ಕುಡಿಯುವ ನೀರು, ಒಂದರಲ್ಲಿ ತೆಳ್ಳನೆಯ ಅಂಬಲಿ, ಎರಡಕ್ಕೂ ತೊಳೆದ ಹೊಸ ಕೊಳವೆ. ತಲೆಯ ಮೇಲೆ ಕೂದಲಿದ್ದರೆ ಮನುಷ್ಯರು, ಅವರಿಗೆ ಅಂಬಲಿ. ಕೂದಲಿಲ್ಲದಿದ್ದರೆ ಗಿಡ, ಅದಕ್ಕೆ ಹಿಂಡಿ. ಹೀಗೆ ಪಾಠ ಮಾಡಿ ನಿಶ್ಚಿಂತರಾದರು.

ಆ ಪಾಠದ ಕೊರತೆ ಪಿಎಸ್ಐ ಮಲಘಾಣ ಸಾಹೇಬರು ಬಂದ ಸಂಜೆ ತಿಳಿಯಿತು.

ಪಡಸಾಲೆಯ ಕಿಟಕಿಯಿಂದ ದಿನಾ ಸಂಜೆ ಬೀಳುತ್ತಿದ್ದ ನೇರಳೆ ಬೆಳಕು ಓಣಿಯವರ ಬಾಯಿಗೆ ಬಿದ್ದಿತ್ತು. ಯಾರೋ ಇಣುಕಿ ಎಲೆಯ ಆಕಾರ ನೋಡಿದರು. ಕೈಬೆರಳಿನಂಥ ಎಲೆ, ಅಂಚಿಗೆ ಗರಗಸದ ಹಲ್ಲು! ಮೊಬೈಲಿನಲ್ಲಿ ಗಾಂಜಾ ಗಿಡದ ಚಿತ್ರಕ್ಕೆ ಹೋಲಿಸಿ ಪೊಲೀಸರಿಗೆ ಫೋನ್ ಮಾಡಿದರು.

ಸಾಹೇಬರು ಮಂತ್ರಿಗಳ ಬಂದೋಬಸ್ತಿನಲ್ಲಿ ನಿಂತೂ ನಿಂತೂ ಸೋತು ಬಂದಿದ್ದರು. ಜೊತೆಗೆ ಒಬ್ಬ ಕಾನ್ಸ್ಟೇಬಲ್.

"ಮಾಸ್ತರರಾಗಿ ಮನ್ಯಾಗ ಗಾಂಜಾ ಬೆಳೀತೀರೇನ್ರಿ?"

"ಸರ್, ಇದು ಪುಂಡಿ."

"ಎಲ್ಲಾರೂ ಏನರೆ ಒಂದು ಹೆಸರು ಹೇಳ್ತಾರ್ರೀ" ಎಂದು ಸಾಹೇಬರು ಟೊಪ್ಪಿಗೆ ತೆಗೆದು, ನುಣ್ಣನೆಯ ತಲೆ ಒರೆಸಿಕೊಂಡು, ಸಸಿಗಳನ್ನು ನೋಡಲು ಬಾಗಿದರು.

ಬಾಗಿದ ತಲೆ. ಕುಸಿದ ಹೆಗಲು. ಒಂದು ಕೂದಲೂ ಇಲ್ಲ.

"ನೀರು ಬೇಕೇನವ್ವಾ?"

"ಯಾರಿಗೆ ಅವ್ವಾ ಅಂತೀರಿ?" ಎಂದು ಸಾಹೇಬರು ಗರ್ಜಿಸುವಷ್ಟರಲ್ಲಿ ತುಂತುರು ಬಿತ್ತು, ಬೂಟು ತುಂಬಿತು, ತೆರೆದ ಬಾಯಿಗೆ ಹಿಂಡಿ ನೀರು ಇಳಿಯಿತು. ಕೊನೆಗೆ ಬಾತುಕೋಳಿ ಕುತ್ತಿಗೆ ನೇರಳೆ ದೀಪವನ್ನು ಅವರ ಮೂಗಿನ ಹತ್ತಿರ ತಂದು, "ಬೆಳಕು ಸಾಕೇನವ್ವಾ?" ಎಂದು ಕೇಳಿತು.

"ಕೀಳ್ರಿ! ಎಲ್ಲಾ ಗಿಡಾ ಕಿತ್ತು ಜೀಪಿಗೆ ಹಾಕ್ರಿ!"

ಕಾನ್ಸ್ಟೇಬಲ್ ಕೈ ಚಾಚಿದ. ಸಸಿಯ ಆ ತಟ್ಟೆಗಳಲ್ಲಿದ್ದದ್ದು ಸಾವಂತ್ರವ್ವನ ಕೊನೆಯ ಬೀಜಗಳು. ಅತ್ತೆಯ ಕೋಣೆಯಲ್ಲಿದ್ದ ಶಿವಲೀಲಾ ಗಲಾಟೆ ಕೇಳಿ, ಬಾಗಿಲು ತೆರೆದೇ ಬಿಟ್ಟು ಹೊರಗೆ ಓಡಿಬಂದು, ಸಸಿಗಳಿಗೆ ಅಡ್ಡ ನಿಂತಳು. ಒಂದು ಎಲೆ ಚಿವುಟಿ ಸಾಹೇಬರ ಮುಂದೆ ಹಿಡಿದಳು.

"ತಿಂದು ನೋಡ್ರಿ ಸಾಹೇಬರ. ಗಾಂಜಾ ಅನಿಸಿದರ ಗಿಡಾ ಬಿಡ್ರಿ, ನನ್ನ ಜೀಪಿಗೆ ಹಾಕ್ರಿ."

ಸಾಹೇಬರು ಅವಳ ಮುಖ ನೋಡಿದರು. ಎಲೆ ಬಾಯಿಗಿಟ್ಟುಕೊಂಡರು. ಹುಳಿಗೆ ಅವರ ಒಂದು ಕಣ್ಣು ತಾನೇ ಮುಚ್ಚಿತು.

"ಪುಂಡಿ" ಎಂದರು ಮೆಲ್ಲಗೆ. "ಆದರ ಹಿಂಡಿ ವಾಸನಿ ಬರತೈತಿ."

"ಅದು ನಿಮ್ಮ ಬಾಯಾಗಿಂದ್ರಿ ಸರ್" ಎಂದರು ಮಾಸ್ತರರು.

ಆಗ ಒಳಗಿನ ಕೋಣೆಯಿಂದ ಒಡಕು ಧ್ವನಿಯೊಂದು ಬಂತು. "ಯಾರಾಂವ, ನನ್ನ ಪುಂಡಿಗೆ ಕೈ ಹಚ್ಚಿದಾಂವ?"

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ಸಾವಂತ್ರವ್ವ ಮಾತಾಡಿದ್ದಳು! ಸಾಹೇಬರು ಟೊಪ್ಪಿಗೆ ಹಾಕಿಕೊಂಡು, "ತಪ್ಪಾತ್ರಿ ಅಜ್ಜಿ" ಎಂದು ಕೋಣೆಯ ಕಡೆಗೇ ಹೇಳಿ, ಒದ್ದೆ ಬೂಟಿನಲ್ಲಿ ಹೊರಟುಹೋದರು.

ಯಂತ್ರ ಮಾತ್ರ ಧ್ವನಿ ಬಂದ ಕಡೆ ತಿರುಗಿತ್ತು. ಇಷ್ಟು ದಿನ ಮುಚ್ಚಿರುತ್ತಿದ್ದ ಬಾಗಿಲು ತೆರೆದಿತ್ತು. ಅವರು ತಡೆಯುವಷ್ಟರಲ್ಲಿ ಅದು ಒಳಗೆ ಹೋಗಿ ಮಂಚದ ಪಕ್ಕ ನಿಂತಿತು. ಆ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಾಡಿದ್ದನ್ನು ಅದು ಆಗ ಕಂಡಿತ್ತು.

"ನೀರು ಬೇಕೇನವ್ವಾ?"

ಮುದುಕಿ ಮಂಜು ಕಣ್ಣು ಬಿಟ್ಟಳು. "ಬೇಕಪ್ಪಾ ಮುರಿಗೆಪ್ಪಾ. ಒಂದೀಟ ಕೊಡು."

ಬೆಳ್ಳಿಯಂಥ ಕೂದಲಿತ್ತು, ಪುಣ್ಯ! ಕೊಳವೆಯಿಂದ ಕುಡಿಯುವ ನೀರು ಹನಿ ಹನಿಯಾಗಿ ಇಳಿಯಿತು. ಅಂಬಲಿಯೂ ಇಳಿಯಿತು. ಬಾಗಿಲಲ್ಲಿ ನಿಂತ ಶಿವಲೀಲಾಳಿಗೆ ಸಂತೋಷ ಒಂದು ಕಡೆ, ಎದೆಯಲ್ಲಿ ಏನೋ ಚುಚ್ಚಿದ್ದು ಇನ್ನೊಂದು ಕಡೆ.

ಅತ್ತೆ ಮಾತಾಡುವಷ್ಟು ಚೇತರಿಸಿಕೊಂಡ ಮೇಲೆ ಅವಳು ಕೇಳಿಯೇಬಿಟ್ಟಳು. "ಅತ್ತೀ, ನಾ ಕೊಟ್ಟರ ತುಟಿ ಬಿಗೀತಿದ್ರಿ. ಆ ತಗಡು ಕೊಟ್ಟರ ಕುಡೀತೀರಿ. ನಾ ಏನು ಕಮ್ಮಿ ಮಾಡಿದ್ದೆ?"

ಸಾವಂತ್ರವ್ವ ಸೊಸೆಯ ಒರಟಾದ ಕೈಯನ್ನು ಹಿಡಿದುಕೊಂಡಳು. "ನೀ ಕೊಡ್ತಿದ್ದಿ ಯವ್ವಾ. ಬೇಕೇನು ಅಂತ ಕೇಳ್ತಿದ್ದಿಲ್ಲ. ಕೇಳಾಕ ನಿನಗ ಉಸುರರ ಎಲ್ಲಿತ್ತು? ಇಡೀ ಮನಿ ಒಬ್ಬಾಕಿ ಹೊತ್ತರ."

ಹೊರಗೆ ನಿಂತಿದ್ದ ಮಾಸ್ತರರಿಗೆ ಅದು ಕೇಳಿಸಿತು. ಮರುದಿನ ಬೆಳಿಗ್ಗೆ ಅವರು ಒಲೆಯ ಹತ್ತಿರ ಬಂದು, "ಚಾ ಬೇಕೇನು?" ಎಂದರು. ಶಿವಲೀಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಯಂತ್ರ ಎಲ್ಲಿದೆ ಎಂದು ಹಿಂದೆ ಮುಂದೆ ನೋಡಿದಳು.

"ನಾನ ಕೇಳಾಕತ್ತೇನಿ" ಎಂದರು ಮಾಸ್ತರರು, ನಾಚಿಕೊಂಡು. ಆ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತಿದ್ದರು. ಅವಳು ಪೂರ್ತಿ ಕುಡಿದಳು.

ಅಷ್ಟರಲ್ಲಿ ಸಸಿಗಳೂ ಬಲಿತವು. ಬಲಿತ ಸಸಿಯನ್ನು ಬಿಸಿಲಿಗೆ ರೂಢಿ ಮಾಡಬೇಕು. ಯಂತ್ರ ದಿನಾ ತಟ್ಟೆಗಳನ್ನು ಅಂಗಳಕ್ಕೆ ಒಯ್ದು ಇಡುತ್ತಿತ್ತು, ಒಳಗೆ ತರುತ್ತಿತ್ತು. ರೂಢಿಯಾದ ಮೇಲೆ ಪ್ರತಿ ಸಸಿಗೂ ಅದರ ಅಳತೆಗೆ ತಕ್ಕ ಗುಣಿ ತೋಡಿ ನೆಲಕ್ಕಿಳಿಸಿತು. ಪುಂಡಿ ಸೊಂಪಾಗಿ ಎದ್ದಿತು.

ಸಾವಂತ್ರವ್ವನ ಕುತ್ತಿಗೆಯೂ ನೆಟ್ಟಗಾಗಿತ್ತು. ದಿಂಬಿಗೆ ಒರಗಿ ಕೂರುತ್ತಿದ್ದಳು. ಯಂತ್ರದ ಕಣ್ಣಿಗೆ ಅದೂ ಬಿತ್ತು.

ಪುಂಡಿಯ ಮೊದಲ ಕೊಯ್ಲಿನ ದಿನ ಶಿವಲೀಲಾ ಅಡಿಗೆಮನೆಯಲ್ಲಿ ಸೊಪ್ಪು ಬೇಯಿಸುತ್ತಿದ್ದಳು. ಗಡಗಡ ಸದ್ದಾಯಿತು. ತಿರುಗಿ ನೋಡಿದರೆ, ಬಾಡಿಗೆಗೆ ತಂದ ಗಾಲಿಯ ಮಂಚ, ಅದರ ಮೇಲೆ ಅತ್ತೆ, ಪಡಸಾಲೆ ದಾಟಿ ಅಂಗಳಕ್ಕೆ ಹೊರಟಿದೆ! ಯಂತ್ರ ಎಳೆಯುತ್ತಿದೆ!

"ರೀ! ಅತ್ತೀನ್ನ ಒಯ್ದೇಬಿಡ್ತು ನಿಮ್ಮ ದಾಯಿ!"

ಇಬ್ಬರೂ ಓಡಿದರು. ಮಂಚ ಎಳೆಬಿಸಿಲಿನಲ್ಲಿ ನಿಂತಿತ್ತು. ಮುದುಕಿ ಮುಖ ಮೇಲೆತ್ತಿ ಕಣ್ಣು ಮುಚ್ಚಿ ಕೂತಿದ್ದಳು. ಅವಳ ಕೆನ್ನೆಯ ಮೇಲೆ ಬಿಸಿಲು ಬೀಳದೆ ಎಷ್ಟು ಕಾಲವಾಗಿತ್ತೋ.

"ಒಳಗ ಕರಕೊಂಡು ಹೋಗ್ಲೇನಬೇ?" ಎಂದರು ಮಾಸ್ತರರು.

"ಸುಮ್ನಿರು. ಇಷ್ಟ ದಿನ ಇದು ನಿಮ್ಮಿಬ್ಬರಿಗೂ ಹೊಳೀಲಿಲ್ಲೇನು?"

ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಮಂಚದ ಸುತ್ತ ಕೂತರು. ಶಿವಲೀಲಾ ರೊಟ್ಟಿ ಬಡಿಯಲು ಒಳಗೆ ಹೋದಳು. ಯಂತ್ರ ಅಂಗಳದ ಮೂಲೆಯಲ್ಲಿ ಸಲಿಕೆ ಹಿಡಿದು ಅಗೆಯತೊಡಗಿತು. "ಇನ್ನೊಂದು ಸಾಲು ಪುಂಡಿಗೆ ತಯಾರಿ" ಎಂದು ಮಾಸ್ತರರು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳಿದರು. ಯಂತ್ರ ಅಗೆಯಿತು, ಅಗೆಯುತ್ತಲೇ ಇತ್ತು. ಶಿವಲೀಲಾ ತಾಟು ಹಿಡಿದು ಹೊರಗೆ ಬರುವ ಹೊತ್ತಿಗೆ ಗುಣಿ ಸೊಂಟದಷ್ಟು ಆಳವಾಗಿತ್ತು. ಅಂಚು ಚೌಕವಾಗಿತ್ತು. ಒಬ್ಬ ಮನುಷ್ಯ ಚಕ್ಕಳಮಕ್ಕಳ ಹಾಕಿ ಕೂರುವಷ್ಟು ಅಗಲವಿತ್ತು.

ಅವರ ಮಂದಿಯಲ್ಲಿ ಸತ್ತವರನ್ನು ಮಣ್ಣಿನಲ್ಲಿ ಹೀಗೇ ಕೂರಿಸುತ್ತಾರೆ. ಕೂತಿದ್ದ ಹೆಂಗಸರು ಎದ್ದು ನಿಂತರು. ಯಂತ್ರ ಸಲಿಕೆ ಕೆಳಗಿಟ್ಟು ಮಂಚದ ಹತ್ತಿರ ಬಂದು, ಎರಡೂ ಕೈಗಳನ್ನು ಸಾವಂತ್ರವ್ವನ ಕಂಕುಳ ಕೆಳಗೆ ಮೆಲ್ಲಗೆ ಸೇರಿಸಿತು, ಸಸಿಯನ್ನು ಬೇರಿಗೆ ಪೆಟ್ಟಾಗದಂತೆ ಎತ್ತುವ ಹಾಗೆ.

ಶಿವಲೀಲಾಳ ಕೈಯಿಂದ ತಾಟು ಜಾರಿತು. ಅವಳು ಹಾರಿ ಅತ್ತೆಯನ್ನು ಅಪ್ಪಿ ಹಿಡಿದಳು. ಮಾಸ್ತರರು ಯಂತ್ರದ ಮೇಲೆ ಬಿದ್ದು, ತುಂತುರು, ಹಿಂಡಿ, ಅಂಬಲಿ ಎಲ್ಲವನ್ನೂ ಮೈಮೇಲೆ ಸುರಿಸಿಕೊಂಡು, ಬ್ಯಾಟರಿಯ ವೈರನ್ನು ಕಿತ್ತರು. "ಬೆಳಕು ಸಾಕೇ..." ಎಂದು ಯಂತ್ರ ನಿಂತುಹೋಯಿತು.

ಸಾವಂತ್ರವ್ವ ಸೊಸೆಯ ಹೆಗಲ ಮೇಲಿಂದ ಗುಣಿಯನ್ನು ಬಹಳ ಹೊತ್ತು ನೋಡಿದಳು.

"ಮುರಿಗೆಪ್ಪಾ, ಇದು ನನಗೇನೋ?"

ಮಾಸ್ತರರು ತಲೆ ತಗ್ಗಿಸಿದರು. ಗಲ್ಲದಿಂದ ಅಂಬಲಿ ತೊಟ್ಟಿಕ್ಕುತ್ತಿತ್ತು. "ತಪ್ಪಾತಬೇ. ಅದಕ್ಕ ತಿಳೀಲಿಲ್ಲ."

"ಅಳತಿ ಚೊಲೋ ತಗೊಂಡೈತಿ. ಮೊಳಕಾಲು ಬಡಿಯಂಗಿಲ್ಲ" ಎಂದಳು ಮುದುಕಿ. ಶಿವಲೀಲಾಳ ಅಪ್ಪುಗೆ ಇನ್ನೂ ಸಡಿಲಾಗಿರಲಿಲ್ಲ. ಅವಳ ಬೆನ್ನು ತಟ್ಟಿ, "ಬಿಡ ಯವ್ವಾ, ಎಲ್ಲೂ ಹೊಂಟಿಲ್ಲ ನಾನು. ರೊಟ್ಟಿ ಪಲ್ಯ ಇನ್ನೊಂದು ತಾಟಿಗೆ ಹಾಕ್ಕೊಂಡು ಬಾ. ನಿನಗೂ ಹಾಕ್ಕೊ" ಎಂದಳು.

ಅತ್ತೆ ಸೊಸೆ ಒಂದೇ ಮಂಚದ ಮೇಲೆ ಕೂತು ಉಂಡರು. ಮುದುಕಿ ಪಲ್ಯವನ್ನು ಎರಡನೆಯ ಸಲ ಹಾಕಿಸಿಕೊಂಡಳು, ಹುಳಿಗೆ ಮುಖ ಕಿವುಚಿಕೊಂಡೇ. ಅಷ್ಟರಲ್ಲಿ ಮಾಸ್ತರರು ಒದ್ದೆ ಬಟ್ಟೆಯಲ್ಲೇ ಸಲಿಕೆ ತೆಗೆದುಕೊಂಡು ಗುಣಿ ಮುಚ್ಚಲು ಹೊರಟರು.

ಸಾವಂತ್ರವ್ವ ಬೆರಳು ನೆಕ್ಕುತ್ತಾ ಕೂಗಿದಳು. "ಏ, ಮುಚ್ಚಬ್ಯಾಡೋ. ತಗದದ್ದು ತಗದಾಗೈತಿ, ಇರಲಿ, ಮುಂದ ನನಗ ಬೇಕಾದೀತು. ಅಲ್ಲೀ ತನಕಾ ಒಂದು ಬಾಳಿಗಿಡಾ ಹಚ್ಚು."