ಕೊನೆಯ ಹೊಲಕ್ಕೆ ಮೊದಲ ನೀರು

ಎಲ್ಲ ರಗಳೆಗೂ ಮೂಲ, ಬಾಡಿ ನಿಂತ ನಾಲ್ಕು ಸಾಲು ಹುರುಳಿಕಾಯಿ ಗಿಡ. ಊರ ಕಾಲುವೆಯ ತುತ್ತತುದಿಯಲ್ಲಿ, ಹೆಬ್ಬಂಡೆ ದಾಟಿದ ಮೇಲೆ, ದರ್ಜಿಯ ತುಂಡು ಹೊಲ. ಮೇಲಿನವರೆಲ್ಲ ಹೊಲ ತುಂಬಿಸಿಕೊಂಡ ಮೇಲೆ ಅವನ ಪಾಲಿಗೆ ಬರುತ್ತಿದ್ದದ್ದು ನೂಲಿನೆಳೆಯಂಥ ನೀರು. ಈ ಸಲವೂ ಗಿಡ ಒಣಗಿದರೆ ಹೊಲದ ಆಸೆಯನ್ನೇ ಬಿಡಬೇಕಾದೀತು ಎಂದು ಅವನಿಗೆ ಸಂಕಟ.

ಬೆಳಗ್ಗೆಯೇ ನೀರುಗಂಟಿಯ ಬಾಗಿಲು ತಟ್ಟಿದ. "ಅಣ್ಣಾ, ಸರದಿ ಬದಲಾಯಿಸು."

ಕಾಲುವೆಯ ನೀರು ಬಿಟ್ಟು ಕಟ್ಟುವ ಆ ಮನುಷ್ಯ ಹಲ್ಲುಜ್ಜುತ್ತಲೇ, "ಅಜ್ಜನ ಕಾಲದ ಪದ್ಧತಿ ಕಣಯ್ಯ. ನಾನ್ಯಾರು ಬದಲಾಯಿಸೋಕೆ?" ಎಂದ.

"ಆ ಪದ್ಧತೀನ ಕಂಡೋರು ಯಾರು?"

"ಕಲ್ಲಲ್ಲಿ ಕೆತ್ತಿಟ್ಟಿದ್ರಂತೆ. ತಂದು ತೋರ್ಸು, ನೋಡೋಣ."

ಹಿಡಿದ ಹಟ ಬಿಡುವ ಪೈಕಿಯಲ್ಲ ನಮ್ಮ ದರ್ಜಿ. ಅಂಗಡಿಗೆ ಬೀಗ ಜಡಿದು ಹೊರಟ. ಸೇತುವೆಯ ಕೆಳಗೆ ತಡಕಾಡಿ ಮೊಣಕಾಲು ತರಚಿಕೊಂಡ. ಯಾರದೋ ಹಿತ್ತಿಲಿಗೆ ಇಣುಕಿ ನಾಯಿಗೆ ಪೈಜಾಮದ ಅರ್ಧ ಕಾಲು ಕೊಟ್ಟು ಬಂದ. ಮಧ್ಯಾಹ್ನ ಕಾಲುವೆಯ ಮೆಟ್ಟಿಲ ಮೇಲೆ ಸುಸ್ತಾಗಿ ಕೂತವನಿಗೆ, ಊರ ಹೆಂಗಸರು ಬಟ್ಟೆ ಒಗೆಯುವ ಕಲ್ಲಿನ ಅಂಚಿನಲ್ಲಿ ಅಕ್ಷರ ಕಂಡವು.

"ಒಗೆಯೋ ಕಲ್ಲು ಕಿತ್ಕೊಂಡು ಹೋಗ್ತೀಯಾ? ಬಾ ಇಲ್ಲಿ, ನಿನ್ನನ್ನೇ ಒಗೀತೀವಿ!" ಎಂದು ನಾಲ್ವರು ಸುತ್ತುಗಟ್ಟಿದರು. ಮನೆಗೊಂದು ಅಂಗಿ ಬಿಟ್ಟಿಯಾಗಿ ಹೊಲಿದುಕೊಡುವೆನೆಂದು ಕೈಮುಗಿದ ಮೇಲೆಯೇ ಕಲ್ಲು ಗಾಡಿ ಏರಿತು.

ಸಂಜೆ ಕಾಲುವೆ ಸಂಘದ ಕೋಣೆಯಲ್ಲಿ ಊರಿಗೆ ಊರೇ ಸೇರಿತ್ತು. ಹಳೆಯ ಲಿಪಿ ಬಲ್ಲ ಮೇಷ್ಟ್ರು ಮಣ್ಣು ಕೆರೆದು ಓದಿದರು: "ಕೊನೆಯ ಹೊಲಕ್ಕೆ ಮೊದಲ ನೀರು. ಅಲ್ಲಿಂದ ಮೇಲಕ್ಕೆ ಸರದಿ."

ಗುಜುಗುಜು ಎದ್ದಿತು. ಮೇಷ್ಟ್ರು ಕನ್ನಡಕ ಏರಿಸಿ, "ಹಳಬರು ದಡ್ಡರಲ್ರಯ್ಯಾ. ತುದಿಗೆ ನೀರು ಮುಟ್ಟದೆ ತಮಗಿಲ್ಲ ಅಂದ್ರೆ ಎಲ್ಲರೂ ತಾವಾಗೇ ಹೂಳು ತೆಗೀತಾರೆ" ಎಂದರು. ದರ್ಜಿಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಆದರೂ ಹುಷಾರು ಬಿಡಲಿಲ್ಲ.

"ಇವತ್ತು ಹೂಂ ಅಂದು ನಾಳೆ ಉಲ್ಟಾ ಹೊಡೀಬಾರ್ದು. ಕಲ್ಲಲ್ಲಿರೋದನ್ನ ಒಂದಕ್ಷರ ಬಿಡದೆ ಪಾಲಿಸ್ತೀವಿ ಅಂತ ಎಲ್ಲರೂ ರುಜು ಹಾಕಿ!"

ಗೊಣಗುತ್ತಲೇ ಹಾಕಿದರು. ಮೊದಲ ರುಜು ದರ್ಜಿಯದೇ.

ಅವನ ಹೆಂಡತಿಗೆ ಗಂಡನ ಗೆಲುವು ಇನ್ನಷ್ಟು ಕೇಳುವ ಆಸೆ. "ಕೆಳಗೂ ಏನೋ ಬರೆದಿದೆ ಮೇಷ್ಟ್ರೇ, ಪೂರ್ತಿ ಓದಿ. ಎಲ್ಲರೂ ಕೇಳ್ಲಿ" ಎಂದು ಒಂದು ಬಿಂದಿಗೆ ನೀರು ಸುರಿದು ತೊಳೆದಳು.

ಮೇಷ್ಟ್ರ ದನಿ ಇಳಿಯಿತು. "ಹೆಬ್ಬಂಡೆಯ ಈಚೆಯದೇ ಕೊನೆಯ ಹೊಲ. ಆಚೆಯ ತಗ್ಗು ಊರೆಲ್ಲರ ಹೊಂಡ. ಮಿಕ್ಕ ನೀರು ಅಲ್ಲಿ ನಿಲ್ಲತಕ್ಕದ್ದು. ಯಾರೂ ಬಿತ್ತಕೂಡದು."

ಬಂಡೆಯ ಆಚೆಗಿದ್ದದ್ದು ದರ್ಜಿಯ ಹೊಲವೊಂದೇ. ಒಣಗಿದ ಹೊಂಡವನ್ನು ಅವನ ತಾತ ಯಾವಾಗಲೋ ಉತ್ತುಕೊಂಡಿದ್ದನೆಂದು ಈಗ ಎಲ್ಲರಿಗೂ ತಿಳಿಯಿತು. ಈಚೆಯ ಹೊಲ ನೀರುಗಂಟಿಯದು.

ನೀರುಗಂಟಿ ಎದ್ದು ಬಂದು ದರ್ಜಿಯ ಹೆಗಲ ಮೇಲೆ ಕೈಯಿಟ್ಟ. "ಬೇಜಾರ್ ಮಾಡ್ಕೋಬೇಡ ಕಣಯ್ಯಾ. ಇನ್ಮೇಲೆ ಬೇಸಿಗೇಲೂ ನಿನ್ನ ಹೊಲದಲ್ಲಿ ಎದೆಮಟ್ಟ ನೀರು!"